ಇರುಳಿನ ಹಕ್ಕಿ, ಕ್ಯಾಮೆರಾದ ಮಿಂಚು ಮತ್ತು ನಮ್ಮ ಅಹಿಂಸೆ



ಪ್ರತಿವರ್ಷವೂ ನಮ್ಮ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಪಂಡಿತರು ತತ್ತ್ವವಿಚಾರವನ್ನೂ ಹಿರಿಯರು ತೀರ್ಥಯಾತ್ರೆಯ ಅನುಭವವನ್ನೂ ಬರೆಯುತ್ತಾರೆ. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿದ ವರ್ಷವೇ ತಂದೆಯವರ ತೊಗರಿ ವ್ಯಾಪಾರದ ಗಾದಿಯ ಮೇಲೆ ಕುಳಿತವನು. ಅಂದಿನಿಂದ ಇಂದಿನವರೆಗೆ ನಾನು ಬರೆದದ್ದೆಲ್ಲ ಬಹುಮಟ್ಟಿಗೆ ಕಿರ್ದಿ ಮತ್ತು ಖಾತೆ ಪುಸ್ತಕಗಳಲ್ಲಿಯೇ. ಆದರೂ ಈ ಸಲ ಲೇಖನಿ ಹಿಡಿಯಬೇಕಾಗಿ ಬಂದಿತು. ಈ ಸಂಚಿಕೆಯ ಮುಖಪುಟಕ್ಕೆಂದು ಬಂದಿದ್ದ ಒಂದು ಸುಂದರವಾದ ಛಾಯಾಚಿತ್ರವನ್ನು ಮುದ್ರಿಸುವುದು ಬೇಡವೆಂದು ಸಮಿತಿಯ ಸಭೆಯಲ್ಲಿ ಹೇಳಿದವನು ನಾನೇ. ಆ ಚಿತ್ರವನ್ನು ತೆಗೆದವನು ನನ್ನ ಸ್ವಂತ ಮೊಮ್ಮಗ. ಬೇಡವೆಂದವನು ಏಕೆ ಬೇಡವೆಂಬ ಲೆಕ್ಕವನ್ನೂ ಒಪ್ಪಿಸಬೇಕು. ಆ ಲೆಕ್ಕವೇ ಈ ಲೇಖನ.

ನಮ್ಮ ಬಶೀರಾಬಾದ್ ದೊಡ್ಡ ಊರೇನಲ್ಲ. ಒಂದು ಕಡೆ ತಾಂಡೂರಿನ ಹಾಸುಗಲ್ಲಿನ ಗಣಿಗಳು, ಇನ್ನೊಂದು ಕಡೆ ಸೇಡಂ ಸೀಮೆ, ನಡುವೆ ತೊಗರಿಯ ಹೊಲಗಳು. ತಾಂಡೂರನ್ನು ಹಾಯ್ದ ಕಾಗಿಣಾ ಹೊಳೆ ಮುಂದೆ ಹರಿದು, ಒಮ್ಮೆ ಮಾನ್ಯಖೇಟವೆಂದು ಹೆಸರಾಗಿದ್ದ ಮಳಖೇಡವನ್ನು ಮುಟ್ಟುತ್ತದೆ. 1956ರಲ್ಲಿ ರಾಜ್ಯಗಳ ಗಡಿಗಳು ಬದಲಾದಾಗ ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ಸರಕಾರದ ಕಾಗದ ಬದಲಾದರೂ ಮನೆಮಾತುಗಳು ಬದಲಾಗಲಿಲ್ಲ. ಮಂದಿರದ ಅಂಗಳದಲ್ಲಿ ಕನ್ನಡ, ತೆಲುಗು, ಮರಾಠಿ, ಮಾರವಾಡಿ, ಗುಜರಾತಿ ಎಲ್ಲವೂ ಕೇಳಿಬರುತ್ತವೆ.

ಈ ಲೇಖನದ ನಾಯಕನಿಗೂ ಹಾಗೆಯೇ ಹಲವು ಹೆಸರುಗಳಿವೆ. ಹಿಡಿಗಾತ್ರದ, ಬೂದುಗಂದು ಮೈಯ ಮೇಲೆ ಬಿಳಿಯ ಚುಕ್ಕೆಗಳಿರುವ, ಹಳದಿ ಕಣ್ಣಿನ ಆ ಪುಟ್ಟ ಗೂಬೆಯನ್ನು ಕನ್ನಡದವರು ಹಾಲಕ್ಕಿ ಎನ್ನುತ್ತಾರೆ. ಮರಾಠಿಯವರು ಪಿಂಗಳಾ ಎನ್ನುತ್ತಾರೆ. ಗುಜರಾತಿನವರು ಚೀಬರಿ ಎನ್ನುತ್ತಾರೆ. ಕೋಳಿ ಕೂಗುವ ಮೊದಲೇ ಬರುವ ಬುಡುಬುಡಿಕೆಯವನು ಹಾಲಕ್ಕಿ ನುಡಿಯಿತೆಂದು ಹೇಳಿ ನಮ್ಮ ಮನೆಗಳಿಗೆ ಶುಭಾಶುಭಗಳನ್ನು ಸಾರುತ್ತಿದ್ದ ಕಾಲ ನನ್ನ ವಯಸ್ಸಿನವರಿಗೆ ನೆನಪಿದೆ. ಅಂತಹ ಒಂದು ಜೋಡಿ ಹಕ್ಕಿ ಕೆಲವು ವರ್ಷಗಳಿಂದ ನಮ್ಮ ಮಂದಿರಕ್ಕೆ ಸಮೀಪದ ಒಂದು ಹಳೆಯ ಮರದ ಪೊಟರೆಯಲ್ಲಿ ಸಂಸಾರ ಹೂಡಿದೆ. ಯಾವ ಮರವೆಂಬುದನ್ನು ಬೇಕೆಂದೇ ಬರೆಯುತ್ತಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಹೋದ ವರ್ಷ ಮಾಘಮಾಸದಲ್ಲಿ ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಮೊಮ್ಮಗ ರಜೆಗೆ ಬಂದಿದ್ದ. ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದನೆಂದು ಅವನಿಗೆ ದೊಡ್ಡ ಲೆನ್ಸನ್ನೂ ಫ್ಲಾಶನ್ನೂ ಕೊಡಿಸಿದವನು ನಾನು. ಎರಡು ದಿನ ರಾತ್ರಿ ಮರದ ಕೆಳಗೆ ನಿಂತು ಅವನು ಒಂದು ಅಪೂರ್ವವಾದ ಚಿತ್ರವನ್ನು ತೆಗೆದ. ಕಪ್ಪು ಆಕಾಶದ ನಡುವೆ ಹಾಲಕ್ಕಿ ಎರಡೂ ರೆಕ್ಕೆಗಳನ್ನು ಬಿಚ್ಚಿದೆ. ಒಂದೊಂದು ಗರಿಯೂ ಎಣಿಸುವಂತೆ ಕಾಣುತ್ತದೆ. ಕೊಕ್ಕಿನಲ್ಲಿ ಒಂದು ಹುಳು. ಎರಡು ಕಣ್ಣುಗಳೂ ಬಂಗಾರದ ಬಿಲ್ಲೆಗಳಂತೆ ಹೊಳೆಯುತ್ತಿವೆ. ನೋಡಿದವರೆಲ್ಲ ಬೆರಗಾದರು. ಜೀವದಯೆಯ ಸಂದೇಶಕ್ಕೆ ಇದಕ್ಕಿಂತ ಒಳ್ಳೆಯ ಮುಖಪುಟ ಬೇರೆ ಯಾವುದೆಂದು ಸಮಿತಿಯವರೂ ಹೇಳಿದರು. ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ?

ಮೂರನೆಯ ಸಂಜೆ "ಬಾ ಅಜ್ಜಾ, ನೀನೂ ನೋಡು" ಎಂದು ಕರೆದುಕೊಂಡು ಹೋದ. ಜೊತೆಗೆ ಅವನ ಮೂವರು ಗೆಳೆಯರು. ನಾನು ಕಲ್ಲಿನ ಕಟ್ಟೆಯ ಮೇಲೆ ಕುಳಿತೆ. ಕತ್ತಲಾದ ಸ್ವಲ್ಪ ಹೊತ್ತಿಗೆ ಹಾಲಕ್ಕಿ ಕೊಕ್ಕಿನಲ್ಲಿ ಏನನ್ನೋ ಹಿಡಿದು ತಂತಿಯ ಮೇಲೆ ಬಂದು ಕುಳಿತಿತು. ಒಬ್ಬ ಹುಡುಗ ಟಾರ್ಚ್ ಬಿಟ್ಟ. ಹಕ್ಕಿ ತಲೆಯನ್ನು ಮೇಲೆ ಕೆಳಗೆ ಆಡಿಸಿತು, ನಮ್ಮನ್ನೇ ದಿಟ್ಟಿಸಿತು, ಹಾರಿಹೋಯಿತು. ಮತ್ತೆ ಬಂದಿತು. ಮತ್ತೆ ಟಾರ್ಚು, ಮತ್ತೆ ಮಿಂಚು, ಮತ್ತೆ ಹಾರಿತು. ಪೊಟರೆಯೊಳಗಿನಿಂದ ಮರಿಗಳ ಕೀರಲು ದನಿ ಕೇಳಿಬರುತ್ತಲೇ ಇತ್ತು. ನನ್ನ ಕೈಗಡಿಯಾರದ ಪ್ರಕಾರ ಸುಮಾರು ಒಂದು ಗಂಟೆಯ ಕಾಲ ಆ ಹಕ್ಕಿ ಒಂದು ಸಲವೂ ಗೂಡಿನೊಳಗೆ ಹೋಗಲಿಲ್ಲ. ಹುಡುಗರು ದಣಿದು ಮನೆಗೆ ಹೊರಟರು. ನಾನು ಕತ್ತಲೆಯಲ್ಲಿ ಹಾಗೆಯೇ ಕುಳಿತಿದ್ದೆ. ಐದು ನಿಮಿಷವಾಗುವುದರೊಳಗೆ ಹಕ್ಕಿ ಬಂದು ಪೊಟರೆಯೊಳಕ್ಕೆ ನುಗ್ಗಿತು, ಕೀರಲು ದನಿ ನಿಂತಿತು.

ನಮ್ಮ ಮನೆಯಲ್ಲಿ ಎಲ್ಲರೂ ಸೂರ್ಯಾಸ್ತಕ್ಕೆ ಮೊದಲೇ ಉಂಡಾಗಿತ್ತು. ಆ ಮರಿಗಳು ಮಾತ್ರ ಉಂಡಿರಲಿಲ್ಲ. ಅವುಗಳ ಊಟದ ಹೊತ್ತು ನಾವು ವಿನೋದಕ್ಕೆ ಆರಿಸಿಕೊಂಡ ಹೊತ್ತೇ ಆಗಿತ್ತು.

ಮನೆಗೆ ಬಂದು ಇದನ್ನು ಮೊಮ್ಮಗನಿಗೆ ಹೇಳಿದೆ. ಅವನು ಒರಟನಲ್ಲ, ವಿನಯದಿಂದಲೇ ಕೇಳಿದ: "ಅಜ್ಜಾ, ನಾ ಅದನ್ನ ಮುಟ್ಟಿಲ್ಲ. ಕಲ್ಲು ಒಗೆದಿಲ್ಲ. ಬರೇ ಫೋಟೋ ತೆಗೆದೀನಿ. ಇದರಾಗ ಹಿಂಸಾ ಎಲ್ಲಿ ಬಂತು?"

ಪ್ರಶ್ನೆ ಚಿಕ್ಕದೆಂದು ತೋರುತ್ತದೆ. ಆದರೆ ಅಹಿಂಸೆಯೆಂದರೆ ಮುಟ್ಟದಿರುವುದು ಮಾತ್ರವೇ, ಇಲ್ಲವೇ ಅದಕ್ಕಿಂತ ಹೆಚ್ಚಿನದೇ ಎಂಬುದು ಅದರೊಳಗೆ ಅಡಗಿದೆ. ಅಂದು ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಓದಿದವರನ್ನು ಕೇಳಿ, ನಾನೂ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಮೊಮ್ಮಗನ ಪಕ್ಷದ ಮಾತನ್ನೇ ಹೇಳುವುದು ನ್ಯಾಯ. ಫ್ಲಾಶ್ ಬೆಳಕಿನಿಂದ ಗೂಬೆಯ ಕಣ್ಣು ಶಾಶ್ವತವಾಗಿ ಕುರುಡಾಗುತ್ತದೆಂದು ಕೆಲವರು ಹೇಳುತ್ತಾರೆ. ಹಾಗೆಂದು ಸಾಬೀತಾಗಿಲ್ಲ. ಆ ಮಿಂಚು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ಇರುವಂಥದು. ಆದರೆ ಕಣ್ಣು ಹೋಗುವುದು ಬೇರೆ, ಕಣ್ಣು ಕತ್ತಲಿಟ್ಟುಕೊಳ್ಳುವುದು ಬೇರೆ. ಗೂಬೆಯ ಕಣ್ಣಿನೊಳಪದರದಲ್ಲಿ ಮಂದ ಬೆಳಕನ್ನು ಹಿಡಿಯುವ ಕೋಶಗಳೇ ಅಧಿಕ. ಇರುಳನ್ನು ನೋಡಲೆಂದೇ ಹೊಂದಿಸಿಕೊಂಡ ಕಣ್ಣು ಅದು. ಬಿಸಿಲಿನಿಂದ ದಿಢೀರನೆ ಗೋದಾಮಿನೊಳಗೆ ಕಾಲಿಟ್ಟಾಗ ಚೀಲದ ಮೇಲಿನ ಗುರುತು ನಮಗೆ ಕಾಣುವುದಿಲ್ಲ. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ಣವಾಗಿ ಒಗ್ಗಬೇಕಾದರೆ ಅರ್ಧ ಗಂಟೆಯೇ ಬೇಕಾಗುತ್ತದೆ. ನಮಗಾದರೋ ಗೋಡೆ ಹಿಡಿದು ನಿಲ್ಲುವ ಅನುಕೂಲವಿದೆ. ಕೊಂಬೆಗಳ ನಡುವೆ ಹಾರುತ್ತಿರುವ ಹಕ್ಕಿಗೆ ಹಿಡಿಯಲು ಗೋಡೆ ಎಲ್ಲಿದೆ?

ಮತ್ತೊಂದು ವಿಷಯ ಅಂದು ನನ್ನ ಗಮನಕ್ಕೆ ಬಂದಿತು. ಮಿಂಚು ಕ್ಷಣದ್ದಾದರೂ, ಹಕ್ಕಿಯನ್ನು ಹುಡುಕಿ ನಿಲ್ಲಿಸುವ ಟಾರ್ಚು ನಿಮಿಷಗಟ್ಟಲೆ ಉರಿಯುವಂಥದು. ಅದರ ಜೊತೆಗೆ ಜನ, ಮಾತು, ನಗೆ. ಕೆಲವೆಡೆ ಮೊಬೈಲಿನಲ್ಲಿ ಅದೇ ಜಾತಿಯ ಹಕ್ಕಿಯ ಕೂಗನ್ನು ಹಾಕಿ, ತನ್ನ ಸೀಮೆಗೆ ಪರಕೀಯ ಬಂದಿತೆಂದು ಹಕ್ಕಿ ಹೊರಬರುವಂತೆ ಮಾಡುವುದೂ ಉಂಟು. ಆದುದರಿಂದ ಫ್ಲಾಶ್ ಒಂದನ್ನೇ ತಕ್ಕಡಿಗೆ ಹಾಕಿ ತೂಕ ಕಡಿಮೆ ಎನ್ನುವುದು ಸರಿಯಾದ ತೂಕವಲ್ಲ. ಇಡೀ ಚೀಲವನ್ನೇ ತೂಗಬೇಕು.

ಇರುಳಿನಲ್ಲಿ ಬೆಳಕು ಹಿಡಿದು ಪ್ರಾಣಿಯನ್ನು ನಿಲ್ಲಿಸುವ ವಿದ್ಯೆ ಮೊದಲು ಯಾರದು ಎಂಬುದನ್ನು ವಿಚಾರಿಸಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಅದು ಬೇಟೆಗಾರನದು. ನಮ್ಮ ಕಡೆಯ ಹೊಲಗಳಲ್ಲಿ ಮೊಲಗಳ ಮುಖಕ್ಕೆ ಬೆಳಕು ಬಿಟ್ಟು, ಅವು ದಿಕ್ಕು ತಿಳಿಯದೆ ನಿಂತಾಗ ಹೊಡೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಅಮೆರಿಕದಲ್ಲಿ ಜಾರ್ಜ್ ಶಿರಾಸ್ ಎಂಬವರು ದೋಣಿಯ ಮುಂಭಾಗದಲ್ಲಿ ದೀಪವಿಟ್ಟು, ನೀರು ಕುಡಿಯಲು ಬಂದ ಜಿಂಕೆಗಳನ್ನು ಬೆರಗುಗೊಳಿಸಿ ಬೇಟೆಯಾಡುವ ಪದ್ಧತಿಯನ್ನೇ ಕಲಿತು, ಬಳಿಕ ಬಂದೂಕನ್ನು ಬಿಟ್ಟು ಕ್ಯಾಮೆರಾವನ್ನೂ ಮಿಂಚಿನ ಪುಡಿಯನ್ನೂ ಹಿಡಿದರು. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಪ್ರಕಟಿಸಿದಾಗ ಜಗತ್ತೇ ಬೆರಗಾಯಿತು. ಬಂದೂಕನ್ನು ಬಿಟ್ಟದ್ದು ದೊಡ್ಡ ತ್ಯಾಗವೇ ಸರಿ, ಅದನ್ನು ನಾವು ಗೌರವಿಸಬೇಕು. ಆದರೆ ಬೆಳಕು ಬಿದ್ದ ಆ ಗಳಿಗೆಯಲ್ಲಿ ನೀರಿನಂಚಿನ ಜಿಂಕೆಗೆ ದೀಪದ ಹಿಂದೆ ಬಂದೂಕಿದೆಯೋ ಕ್ಯಾಮೆರಾ ಇದೆಯೋ ತಿಳಿಯುವ ಬಗೆ ಯಾವುದು? ನಮ್ಮ ಭಾವ ಶುದ್ಧವಾಗಿದ್ದರೂ ಅದರ ಭಯ ನಿಜವೇ.

ನಮ್ಮ ದೇಶದಲ್ಲಿಯೇ ಅಸ್ಸಾಮಿನ ಜತಿಂಗಾ ಎಂಬ ಬೆಟ್ಟದ ಊರಿನಲ್ಲಿ, ಮಳೆಗಾಲ ಮುಗಿಯುವ ಹೊತ್ತಿನ ಮಂಜು ಕವಿದ ಕತ್ತಲೆಯ ರಾತ್ರಿಗಳಲ್ಲಿ, ಹಕ್ಕಿಗಳು ದೀಪಗಳ ಕಡೆಗೆ ತಾವಾಗಿಯೇ ಬಂದು ಬೀಳುತ್ತವೆ. ಹಿಂದೆ ಹಕ್ಕಿಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆಂದು ಜನ ಆಡಿಕೊಂಡರು. ನಿಜವಾಗಿ ಅವು ದಿಕ್ಕು ತಪ್ಪಿ ಬರುತ್ತಿದ್ದವು, ಕೊಲ್ಲುತ್ತಿದ್ದವರು ಮನುಷ್ಯರೇ. ಇರುಳಿನ ಜೀವಕ್ಕೆ ಬೆಳಕೇ ಬಲೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪ್ರೀತಿಯಿಂದ ಮಾಡಿದ ಕೆಲಸವೂ ಕೇಡಾಗಬಹುದೆಂಬುದಕ್ಕೆ ನಮ್ಮ ನೆರೆಯ ಆಂಧ್ರದ ಒಂದು ಉದಾಹರಣೆಯಿದೆ. ತೆಲುಗಿನಲ್ಲಿ ಕಲಿವಿಕೋಡಿ ಎನ್ನುವ, ಇಂಗ್ಲಿಷಿನವರು ಜೆರ್ಡಾನ್ಸ್ ಕೋರ್ಸರ್ ಎನ್ನುವ ನೆಲದ ಹಕ್ಕಿಯೊಂದು ಹಗಲೆಲ್ಲ ಅಡಗಿದ್ದು ಇರುಳಿನಲ್ಲಿ ಮಾತ್ರ ಸಂಚರಿಸುತ್ತದೆ. 1848ರಲ್ಲಿ ವಿದ್ವಾಂಸರಿಗೆ ಪರಿಚಯವಾದ ಅದು 1900ರ ನಂತರ ಯಾರ ಕಣ್ಣಿಗೂ ಬೀಳದೆ ಅಳಿದುಹೋಯಿತೆಂದೇ ಎಲ್ಲರೂ ತಿಳಿದಿದ್ದರು. 1986ರ ಜನವರಿಯಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಕಡಪಾ ಜಿಲ್ಲೆಯಲ್ಲಿ ಹುಡುಕುತ್ತಿದ್ದ ಕಾಲಕ್ಕೆ, ಆ ಕಡೆಯ ಅನುಭವಿಯೊಬ್ಬರು ರಾತ್ರಿ ಟಾರ್ಚಿನ ಬೆಳಕಿನಲ್ಲಿ ಒಂದು ಹಕ್ಕಿಯನ್ನು ಜೀವಂತವಾಗಿ ಹಿಡಿದರು. 86 ವರ್ಷಗಳ ಮೇಲೆ ಸಿಕ್ಕ ಆ ಹಕ್ಕಿ ಹೆಚ್ಚು ಕಾಲ ಬದುಕಲಿಲ್ಲ. ಅದನ್ನು ಹಿಡಿದವರಲ್ಲಿ ದುರುದ್ದೇಶವಿರಲಿಲ್ಲ. ಆ ಕಾಡಿಗೆ ಶ್ರೀಲಂಕಾಮಲ್ಲೇಶ್ವರ ಅಭಯಾರಣ್ಯದ ರಕ್ಷಣೆ ದೊರೆತದ್ದೂ ಆ ಶೋಧದಿಂದಲೇ. ಮುಂದೆ ಅದನ್ನು ಅಭ್ಯಾಸ ಮಾಡಿದ ಸಂಶೋಧಕರು ಬೇರೊಂದು ದಾರಿಯನ್ನೂ ಕಂಡುಕೊಂಡರು. ಕುರುಚಲು ಕಾಡಿನಲ್ಲಿ ನಯವಾದ ಮಣ್ಣಿನ ಪಟ್ಟಿಗಳನ್ನು ಹಾಸಿ, ರಾತ್ರಿ ಹಕ್ಕಿ ಅದರ ಮೇಲೆ ನಡೆದುಹೋದ ಹೆಜ್ಜೆಗಳನ್ನು ಬೆಳಗಾದ ಮೇಲೆ ಓದುವ ಆ ವಿಧಾನವನ್ನು 2002ರಲ್ಲಿ ಪ್ರಕಟಿಸಿದರು. ಹಕ್ಕಿಯ ಇರುಳನ್ನು ಕದಡದೆ ಅದನ್ನು ತಿಳಿದುಕೊಳ್ಳುವ ಈ ಬಗೆಯನ್ನು ಕೇಳಿದಾಗ ನನಗೆ ನಮ್ಮ ಮುನಿಗಳ ಈರ್ಯಾಸಮಿತಿಯ ನೆನಪಾಯಿತು.

ಮುನಿಗಳು ನಡೆಯುವಾಗ ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾರೆ. ಅವರೂ ಜೀವವನ್ನು ಹುಡುಕಿ ನೋಡುವವರೇ. ಯಾವ ಕ್ಯಾಮೆರಾದವನಿಗೂ ಅಷ್ಟು ಸೂಕ್ಷ್ಮವಾದ ದೃಷ್ಟಿ ಇರಲಾರದು. ಆದರೆ ಅವರು ನೋಡುವುದು ಜೀವವನ್ನು ತಪ್ಪಿಸಿ ನಡೆಯುವುದಕ್ಕೆ. ನಾವು ನೋಡುವುದು ಜೀವದಿಂದ ಏನನ್ನಾದರೂ ಪಡೆಯುವುದಕ್ಕೆ. ನೋಟ ಒಂದೇ, ಅದರ ಮುಖ ಬೇರೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ಶಾಸ್ತ್ರದ ಮಾತನ್ನು ನನ್ನ ಅಲ್ಪಮತಿಗೆ ತಿಳಿದಷ್ಟು ಹೇಳುತ್ತೇನೆ. ದಿಗಂಬರ ಮತ್ತು ಶ್ವೇತಾಂಬರ ಎರಡೂ ಸಂಪ್ರದಾಯಗಳು ಪ್ರಮಾಣವೆಂದು ಒಪ್ಪುವ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಅಜಾಗ್ರತೆಯನ್ನು, ಮುಂದಿಟ್ಟಿದೆ. ಕೊಲ್ಲಬೇಕೆಂಬ ಸಂಕಲ್ಪ ಇದ್ದರೆ ಮಾತ್ರ ಹಿಂಸೆಯೆಂದು ಅಲ್ಲಿಲ್ಲ. ಎಚ್ಚರ ತಪ್ಪಿದ ನಡತೆಯಿಂದ ಪ್ರಾಣಕ್ಕೆ ಧಕ್ಕೆಯಾದರೆ ಅದೂ ಹಿಂಸೆಯೇ. ಇನ್ನು ಪ್ರಾಣಗಳಾದರೂ ಯಾವುವು? ನಮ್ಮಲ್ಲಿ ಹತ್ತು ಪ್ರಾಣಗಳನ್ನು ಎಣಿಸುತ್ತಾರೆ. ಉಸಿರು ಮತ್ತು ಆಯುಷ್ಯ ಮಾತ್ರ ಪ್ರಾಣಗಳಲ್ಲ. ಮನ, ವಚನ, ಕಾಯಗಳ ಬಲಗಳೂ, ಐದು ಇಂದ್ರಿಯಗಳೂ ಪ್ರಾಣಗಳೇ. ಹಕ್ಕಿ ಪಂಚೇಂದ್ರಿಯ ಜೀವಿ. ಅದರ ಕಣ್ಣೂ ಒಂದು ಪ್ರಾಣ. ಹಾಗಿರುವಾಗ ಅದನ್ನು ಕಾಲು ಗಂಟೆ ಕೆಲಸಕ್ಕೆ ಬಾರದಂತೆ ಮಾಡಿದರೂ, ಮೈಯನ್ನು ಮುಟ್ಟಲಿಲ್ಲ ಎಂಬ ಸಮಾಧಾನ ನಮಗೆ ಒದಗುವುದಿಲ್ಲ.

ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳಿಗೆ ತಡೆಯೊಡ್ಡುವುದು. ಐದನೆಯದನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೆ. ಎತ್ತುಗಳಿಗೆ, ಆಳುಗಳಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಬೇಕೆಂಬುದು ಅದರ ಅರ್ಥವೆಂದು ತಿಳಿದಿದ್ದೆ. ಆ ಸಂಜೆ ಕಟ್ಟೆಯ ಮೇಲೆ ಕುಳಿತಾಗ ಅದರ ಇನ್ನೊಂದು ಅರ್ಥ ಹೊಳೆಯಿತು. ಮರಿಗಳ ಬಾಯಿಗೂ ತಾಯಿಯ ಕೊಕ್ಕಿಗೂ ನಡುವೆ ನಾವು ಒಂದು ಗಂಟೆ ಬೆಳಕಿನ ಬೇಲಿ ಹಾಕಿದ್ದೆವು.

ಇಷ್ಟಾದರೆ ತಪ್ಪು ಮೊಮ್ಮಗನದು ಎಂದಾಗುತ್ತಿತ್ತು. ಆದರೆ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಮೂರೂ ಸಮಾನವೆಂದು ನಮ್ಮ ಧರ್ಮ ಹೇಳುತ್ತದೆ. ಫ್ಲಾಶ್ ಕೊಡಿಸಿದವನು ನಾನು. ಅನರ್ಥದಂಡವೆಂಬ ನಿಷ್ಪ್ರಯೋಜಕವಾದ ಪಾಪಗಳಲ್ಲಿ ಹಿಂಸೆಯ ಉಪಕರಣಗಳನ್ನು ಕೊಡುವುದೂ ಒಂದು. ಉಪಕರಣವೆಂದರೆ ಕತ್ತಿ, ವಿಷ, ಬಲೆ ಎಂದಷ್ಟೇ ತಿಳಿದಿದ್ದೆ. ಹೇಗೆ ಬಳಸಬೇಕೆಂಬ ಒಂದು ಮಾತನ್ನೂ ಹೇಳದೆ ಕೊಟ್ಟ ದೀಪವೂ ಆ ಪಟ್ಟಿಗೆ ಸೇರಬಲ್ಲದು. ಇನ್ನು ಚಿತ್ರವನ್ನು ಮುಖಪುಟಕ್ಕೆ ಹಾಕಿದ್ದರೆ ಸಮಿತಿಯ ನಾವೆಲ್ಲರೂ, ನೋಡಿ ಮೆಚ್ಚುವ ನೀವೆಲ್ಲರೂ ಅನುಮೋದನೆಯ ಪಾಲುಗಾರರಾಗುತ್ತಿದ್ದೆವು. ಮೊಬೈಲಿನಲ್ಲಿ ಬಂದ ಇಂತಹ ಚಿತ್ರಕ್ಕೆ ಹೆಬ್ಬೆರಳಿನ ಗುರುತನ್ನು ಕಳುಹಿಸುವಾಗಲೂ ನಾವು ಮಾಡುವುದು ಅದೇ ಅನುಮೋದನೆ. ಮುಂದಿನ ಹುಡುಗ ಟಾರ್ಚ್ ಹಿಡಿದು ಹೊರಡುವುದು ಆ ಮೆಚ್ಚುಗೆಯನ್ನು ನೋಡಿಯೇ.

ಇದನ್ನೆಲ್ಲ ಕೇಳಿಸಿಕೊಂಡ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೊಂದು ಪ್ರಶ್ನೆ ಕೇಳಿದ: "ಹಂಗಾದ್ರ ಅಜ್ಜಾ, ಉತ್ಸವದಾಗ ನಾವು ಶಿಖರಕ್ಕ ರಾತ್ರಿಯೆಲ್ಲಾ ಫೋಕಸ್ ಲೈಟ್ ಹಾಕ್ತೀವಲ್ಲ, ಅದರ ಬೆಳಕು ಅದೇ ಗಿಡದ ಮ್ಯಾಲೆ ಬೀಳ್ತದ. ಅದಕ್ಕೇನಂತೀ?"

ಬಂಧುಗಳೇ, ನಲವತ್ತು ವರ್ಷ ವ್ಯಾಪಾರ ಮಾಡಿದವನು ನಾನು. ಲೆಕ್ಕದಲ್ಲಿ ಸಿಕ್ಕಿಬಿದ್ದಾಗ ಹೇಗಿರುತ್ತದೆಂದು ಬಲ್ಲೆ. ಅಂದು ಹಾಗೆಯೇ ಆಯಿತು. ಹುಡುಗನ ಕ್ಷಣದ ಮಿಂಚನ್ನು ಪ್ರಶ್ನಿಸಿದ ನಾನು ನಮ್ಮ ಹತ್ತು ದಿನಗಳ ಬೆಳಕನ್ನು ನೋಡಿಯೇ ಇರಲಿಲ್ಲ. ಅದು ಭಕ್ತಿಯ ಬೆಳಕು ಎಂದು ಹೇಳಿ ಪಾರಾಗಬಹುದಿತ್ತು. ಆದರೆ ದೀಪಕ್ಕೆ ಹುಳುಗಳು ಬಂದು ಬೀಳುತ್ತವೆಂದು ರಾತ್ರಿಯ ಊಟವನ್ನೇ ಬಿಟ್ಟವರ ಮಕ್ಕಳು ನಾವು. ದೀಪದ ದೋಷವನ್ನು ನಮಗಿಂತ ಮೊದಲು ಬಲ್ಲವರು ಯಾರು?

ಗೃಹಸ್ಥನಿಗೆ ಎಲ್ಲ ಹಿಂಸೆಯನ್ನೂ ಬಿಡಲಾಗದು ಎಂಬುದು ನಿಜ. ಬೇಸಾಯ, ವ್ಯಾಪಾರ, ಅಡಿಗೆಗಳಲ್ಲಿ ಆಗುವ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳನ್ನು ಸಂಕಲ್ಪೀ ಹಿಂಸೆಯಿಂದ ಬೇರೆಯಾಗಿ ಎಣಿಸಿದ್ದಾರೆ. ನಮ್ಮ ಕಡೆಯ ಗಣಿಗಳಲ್ಲಿ ಕಲ್ಲು ತೆಗೆಯುತ್ತಾರೆ; ತೊಗರಿಯ ಲಾರಿಗಳು ರಾತ್ರಿಯೂ ದೀಪ ಹೊತ್ತಿಸಿ ಓಡುತ್ತವೆ. ಅವುಗಳಿಂದ ಹಕ್ಕಿಗಳಿಗೆ ಆಗುವ ತೊಂದರೆ ಒಂದು ಚಿತ್ರದ ತೊಂದರೆಗಿಂತ ಹೆಚ್ಚಿರಬಹುದು. ಅದನ್ನು ಮರೆತು ಹುಡುಗರ ಮೇಲೆ ಮಾತ್ರ ಗೂಬೆ ಕೂರಿಸುವುದು ನ್ಯಾಯವಲ್ಲ. ಆದರೆ ಹೊಟ್ಟೆಪಾಡಿನ ಹಿಂಸೆಯನ್ನು ತಪ್ಪಿಸುವುದು ಕಷ್ಟವೆಂಬ ಕಾರಣದಿಂದಲೇ, ಬೇಕಿಲ್ಲದ ಹಿಂಸೆಯನ್ನು ಬಿಡುವುದು ನಮ್ಮ ಮೇಲಿನ ಮೊದಲ ಸಾಲವಾಗುತ್ತದೆ. ಸಾಲ ಹೆಚ್ಚಿರುವವನು ಕೈಲಿದ್ದ ಚಿಲ್ಲರೆಯನ್ನಾದರೂ ಮೊದಲು ತೀರಿಸಬೇಕಲ್ಲವೇ?

ಹಾಗಾದರೆ ಹಕ್ಕಿಗಳ ಚಿತ್ರವನ್ನೇ ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ಅಪಶಕುನವೆಂದು ಗೂಬೆಗೆ ಕಲ್ಲೊಗೆಯುತ್ತಿದ್ದ ಊರುಗಳಲ್ಲಿ ಒಳ್ಳೆಯ ಚಿತ್ರಗಳು ಎಷ್ಟೋ ಮಕ್ಕಳ ಮನಸ್ಸನ್ನು ತಿದ್ದಿವೆ. ಇಲಿಗಳನ್ನು ಹಿಡಿಯುವ ಗೂಬೆ ನಮ್ಮ ಕಾಳಿನ ಕಾವಲುಗಾರನೆಂದು ತೊಗರಿಯವರಾದ ನಾವಾದರೂ ತಿಳಿಯಬೇಕು. ಇಂಗ್ಲೆಂಡಿನ ಎರಿಕ್ ಹೋಸ್ಕಿಂಗ್ ಎಂಬ ಪ್ರಸಿದ್ಧ ಪಕ್ಷಿ ಛಾಯಾಚಿತ್ರಕಾರರು 1937ರಲ್ಲಿ, ರಾತ್ರಿ ಗೂಬೆಯ ಗೂಡಿನ ಬಳಿಗೆ ಹೋದಾಗ, ಅದರ ಉಗುರು ತಾಗಿ ತಮ್ಮ ಎಡಗಣ್ಣನ್ನೇ ಕಳೆದುಕೊಂಡರು. ಆದರೂ ಜೀವನಪರ್ಯಂತ ಹಕ್ಕಿಗಳನ್ನು ಪ್ರೀತಿಸಿದರು. ಅವರ ಪ್ರೀತಿ ಸುಳ್ಳಲ್ಲ. ಮರಿಗಳನ್ನು ಕಾಯುತ್ತಿದ್ದ ಆ ಗೂಬೆಗೆ ಮಾತ್ರ ಪ್ರೀತಿ ಕಾಣಲಿಲ್ಲ, ಕತ್ತಲೆಯಲ್ಲಿ ಬಂದ ಒಬ್ಬ ಮನುಷ್ಯ ಕಂಡ.

ಅದೃಷ್ಟವಶಾತ್ ಹಾಲಕ್ಕಿಯ ವಿಷಯದಲ್ಲಿ ದಾರಿ ಸುಲಭ. ಅದು ಪೂರ್ತಿ ಇರುಳಿನ ಹಕ್ಕಿಯಲ್ಲ. ಬೆಳಗಿನ ಬಿಸಿಲಿಗೆ ಪೊಟರೆಯ ಬಾಯಲ್ಲಿ ಕುಳಿತು ಮೈ ಕಾಯಿಸಿಕೊಳ್ಳುತ್ತದೆ, ಸಂಜೆ ಕತ್ತಲಾಗುವ ಮೊದಲೇ ಹೊರಗೆ ಬರುತ್ತದೆ. ಈಗಿನ ಕ್ಯಾಮೆರಾಗಳು ಹಿಂದಿನವುಗಳಿಗಿಂತ ಬಹಳ ಕಡಿಮೆ ಬೆಳಕಿನಲ್ಲಿಯೂ ಚಿತ್ರ ಹಿಡಿಯುತ್ತವೆ. ದೂರದಲ್ಲಿ, ಸುಮ್ಮನೆ, ತಾಳ್ಮೆಯಿಂದ ಕುಳಿತವನಿಗೆ ಹಕ್ಕಿ ತಾನಾಗಿಯೇ ಕಾ‌ಣಿಸಿಕೊಳ್ಳುತ್ತದೆ. ಮರಿಗಳಿರುವ ಗೂಡಿನ ಹತ್ತಿರ ಮಾತ್ರ ಹಗಲಿರಲಿ ಇರುಳಿರಲಿ ಹೋಗದಿರುವುದೇ ಲೇಸು. ಇದು ಧರ್ಮದ ಮಾತಷ್ಟೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಶಬ್ದಕ್ಕೆ ಕೊಟ್ಟ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆ ಮತ್ತು ಗೂಡುಗಳನ್ನು ಕದಡುವುದನ್ನೂ ಸೇರಿಸಿದೆ. ಮುಟ್ಟದೆಯೂ ಬೇಟೆಯಾಗಬಹುದೆಂದು ದೇಶದ ಕಾನೂನೇ ಒಪ್ಪಿದೆ.

ಮರದ ಗುರುತನ್ನು ಏಕೆ ಹೇಳಲಿಲ್ಲವೆಂಬುದಕ್ಕೂ ಈಗ ಉತ್ತರ ಕೊಡುತ್ತೇನೆ. ಮಾಟಮಂತ್ರದ ಹೆಸರಿನಲ್ಲಿ, ವಿಶೇಷವಾಗಿ ದೀಪಾವಳಿಯ ಸಮಯದಲ್ಲಿ, ನಮ್ಮ ದೇಶದಲ್ಲಿ ಗೂಬೆಗಳನ್ನು ಹಿಡಿದು ಮಾರುವ ಕಳ್ಳವ್ಯಾಪಾರವಿದೆ. ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಇದರ ಬಗ್ಗೆ ವಿವರವಾದ ವರದಿಯನ್ನೇ ಪ್ರಕಟಿಸಿತು. ಊರು, ಬೀದಿ, ಮರದ ಗುರುತಿನ ಸಹಿತ ಹರಡುವ ಒಂದು ಸುಂದರ ಚಿತ್ರ ಯಾರ ಕೈ ಸೇರುತ್ತದೆಂದು ನಾವು ಬಲ್ಲೆವೇ? ಮಹಾವೀರ ಸ್ವಾಮಿಯ ನಿರ್ವಾಣದ ದೀಪವನ್ನು ಹಚ್ಚುವ ರಾತ್ರಿಯೇ ಒಂದು ಜೀವ ಪಂಜರ ಸೇರಲು ನಮ್ಮ ಚಿತ್ರ ಕಾರಣವಾಗಬಾರದು.

ಕೊನೆಯದಾಗಿ ಸಮಿತಿಯ ಸಭೆಯ ಮಾತು. ಮುಖಪುಟದ ವಿಚಾರವನ್ನು ಎಲ್ಲರೂ ಒಪ್ಪಿದರು. ದೀಪಗಳ ವಿಚಾರ ಬಂದಾಗ, ವರ್ಷಕ್ಕೊಮ್ಮೆ ಬರುವ ಉತ್ಸವ ಮಂಕಾಗಬಾರದೆಂದು ಕೆಲವು ಹಿರಿಯರು ಆಕ್ಷೇಪಿಸಿದರು. ಅವರ ಭಕ್ತಿಯನ್ನು ನಾನು ಅರಿಯೆನೆಂದಲ್ಲ. ಬಹಳ ಚರ್ಚೆಯ ಮೇಲೆ, ಮರದ ಕಡೆಗೆ ಮುಖಮಾಡಿದ್ದ ಎರಡು ಫೋಕಸ್ ಲೈಟುಗಳನ್ನು ಈ ವರ್ಷ ಹಾಕುವುದು ಬೇಡವೆಂದೂ, ಉಳಿದವನ್ನು ರಾತ್ರಿ 9 ಗಂಟೆಗೆ ಆರಿಸಬೇಕೆಂದೂ ನಿರ್ಣಯವಾಯಿತು. ಆದುದರಿಂದ ಉತ್ಸವಕ್ಕೆ ಬಂದಾಗ ಶಿಖರದ ಒಂದು ಬದಿ ಕತ್ತಲೆಯಾಗಿರುವುದನ್ನು ಕಂಡರೆ ಬಲ್ಬು ಸುಟ್ಟಿದೆಯೆಂದು ದಯವಿಟ್ಟು ದೂರಬೇಡಿರಿ. ಆ ಕತ್ತಲೆ ನಾವು ಬೇಕೆಂದೇ ಬಿಟ್ಟುಕೊಟ್ಟದ್ದು.

ನನ್ನ ಮೊಮ್ಮಗ ಆ ರಾತ್ರಿಯ ಚಿತ್ರವನ್ನು ಅಳಿಸಿಲ್ಲ. ಅಳಿಸೆಂದು ನಾನೂ ಹೇಳಲಿಲ್ಲ. ಯಾರಿಗೂ ಕಳುಹಿಸುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ಈ ವರ್ಷ ರಜೆಗೆ ಬಂದವನು ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಒಂದೂವರೆ ಗಂಟೆ ಕುಳಿತು ದೂರದಿಂದ ಮತ್ತೊಂದನ್ನು ತೆಗೆದ. ಎಲೆಯ ನೆರಳು ಬಿದ್ದು ಹಕ್ಕಿಯ ಅರ್ಧ ಮುಖವಷ್ಟೇ ಕಾಣುತ್ತದೆ. ರೆಕ್ಕೆ ಬಿಚ್ಚಿಲ್ಲ, ಕಣ್ಣು ಹೊಳೆಯುತ್ತಿಲ್ಲ. ಬಿಸಿಲಿಗೆ ಒಂದು ಕಣ್ಣು ಅರೆ ಮುಚ್ಚಿದೆ. ಮುಖಪುಟಕ್ಕೆ ಅದು ಸಾಲದೆಂದು ಅವನೇ ಹೇಳಿದ. ಆದರೆ ಮೊದಲಿನ ಚಿತ್ರದಲ್ಲಿದ್ದುದು ಬೆದರಿದ ಹಕ್ಕಿ, ಇದರಲ್ಲಿ ಇರುವುದು ಹಕ್ಕಿ ತಾನು ಇರುವಂತೆಯೇ.

ನನ್ನ ಬರಹದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು, ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಬೇಕು. ಜೈ ಜಿನೇಂದ್ರ.